ಫಲಕದಲ್ಲಿ ಹೆಸರಿಲ್ಲದವರಿಗೆ ಸೊಲ್ಮೆ

ಕಳೆದ ವಾರ ಉಡುಪಿಯಲ್ಲಿ ವೇದಿಕೆ ಹತ್ತಿ ಒಂದು ಫಲಕ ತೆಗೆದುಕೊಂಡು ಬಂದೆ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಕೊಡುವ ಪರಿಸರ ಮಿತ್ರ ಶಾಲೆ ಪ್ರಶಸ್ತಿ. ನಮಗೆ ಬಂದದ್ದು ‘ಹಸಿರು ಶಾಲೆ’ ವಿಭಾಗದಲ್ಲಿ. ಶಾಲು ಹೊದೆಸಿದರು, ಫೋಟೊ ತೆಗೆದರು. ಆ ಫೋಟೊ ಊರಿನ ಎಲ್ಲ ವಾಟ್ಸಾಪ್ ಗುಂಪು ಸುತ್ತಿ, ಮುಂಬೈ ನೋಡಿ, ದುಬೈ ನೋಡಿ, ತಿರುಗಿ ನನ್ನ ಫೋನಿಗೇ ಬಂತು. ‘ಅಭಿನಂದನೆ ಟೀಚರ್’ ಅಂತ ಎಷ್ಟು ಜನ ಬರೆದಿದ್ದಾರೆ ಅಂದರೆ, ಉತ್ತರ ಕೊಡುವುದಕ್ಕೆ ಎರಡು ರಾತ್ರಿ ಬೇಕಾಯಿತು. ಆದರೆ ಫೋಟೊದಲ್ಲಿ ಇರುವುದು ನಾನೊಬ್ಬಳೇ. ಅದೇ ಕಸಿವಿಸಿ. ಅದಕ್ಕೇ ಈ ಸೊಲ್ಮೆ, ತುಳುವಿನಲ್ಲಿ ಕೃತಜ್ಞತೆ ಅಂತ ಅರ್ಥ, ಬರೆಯುತ್ತಿದ್ದೇನೆ.

ನಮ್ಮದು ಹಿರಿಯಡಕದಿಂದ ಒಳಗೆ, ಒಂದರಿಂದ ಐದರವರೆಗಿನ ಸರಕಾರಿ ಕಿರಿಯ ಪ್ರಾಥಮಿಕ ಶಾಲೆ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಎದುರಿಗೆ ಒಂದು ಹಲಸಿನ ಮರ. 2019ರ ಜೂನ್‌ನಲ್ಲಿ ನಮ್ಮ ಹಾಜರಿ ಪುಸ್ತಕದಲ್ಲಿ ಇದ್ದದ್ದು 9 ಹೆಸರು. ಅದರಲ್ಲಿ ನಾಲ್ವರು ಒಂದೇ ಮನೆಯ ಮಕ್ಕಳು. ಆ ಮನೆಗೆ ಜ್ವರ ಬಂದರೆ ಅರ್ಧ ಶಾಲೆ ಖಾಲಿ. ಬೆಳಿಗ್ಗೆ ಎಂಟಕ್ಕೆ ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ವ್ಯಾನು ಬಂದು ನಮ್ಮ ಗೇಟಿನ ಎದುರೇ ನಿಲ್ಲುತ್ತಿತ್ತು. ಬೇರೆ ಉದ್ದೇಶ ಏನಿಲ್ಲ, ಅಲ್ಲಿ ಹಲಸಿನ ನೆರಳು ಉಂಟು ಅಂತ. ಊರಿನ ಮಕ್ಕಳು ನನಗೆ ‘ಗುಡ್ ಮಾರ್ನಿಂಗ್ ಟೀಚರ್’ ಅಂತ ಕೈಬೀಸಿ ಆ ವ್ಯಾನು ಹತ್ತಿ ಹೋಗುತ್ತಿದ್ದರು.

ಶಾಲೆ ಮುಚ್ಚುತ್ತದಂತೆ, ಪಕ್ಕದೂರಿನ ಶಾಲೆಗೆ ಸೇರಿಸುತ್ತಾರಂತೆ ಅಂತ ಮಾತು ಶುರುವಾಗಿತ್ತು. ನಾನೂ ಆ ವರ್ಷ ವರ್ಗಾವಣೆಗೆ ಅರ್ಜಿ ಹಾಕಿದ್ದೆ. ಇದನ್ನು ಇದುವರೆಗೆ ಊರಿನಲ್ಲಿ ಯಾರಿಗೂ ಹೇಳಿಲ್ಲ. ಸಿಗಲಿಲ್ಲ. ಸಿಕ್ಕಿದ್ದರೆ ಈ ಬರಹವನ್ನು ಬೇರೆ ಯಾರೋ ಬರೆಯಬೇಕಿತ್ತು.

ಮೊದಲ ಸೊಲ್ಮೆ ಬೀಡಿ ಕಟ್ಟುವ ಒಬ್ಬರು ಅಕ್ಕನಿಗೆ. ಆ ಬೇಸಿಗೆಯಲ್ಲಿ ಮನೆಮನೆಗೆ ಹೋಗಿ ಮಕ್ಕಳನ್ನು ಕೇಳುತ್ತಿದ್ದೆ. ಅವರು ಜಗಲಿಯಲ್ಲಿ ಕೂತು, ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಸುತ್ತುತ್ತಿದ್ದರು. ನಾನು ಬಿಸಿಯೂಟ, ಸಮವಸ್ತ್ರ, ಪುಸ್ತಕ, ಹಾಲು ಅಂತ ಎಲ್ಲ ಹೇಳಿ ಮುಗಿಸಿದೆ. ಅವರ ಕೈ ಒಂದು ಕ್ಷಣವೂ ನಿಲ್ಲಲಿಲ್ಲ. ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಹಾಕಿ, ಸುತ್ತಿ, ತುದಿ ಮಡಚಿ, ನೂಲು ಕಟ್ಟಿ, ಆಮೇಲೆ ತಲೆ ಎತ್ತದೆ ಕೇಳಿದರು: “ನಿಮ್ಮ ಮಗ ಎಲ್ಲಿ ಓದುವುದು ಟೀಚರ್?”

ನನ್ನ ಮಗ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು. ಸುಳ್ಳು ಹೇಳಲಿಕ್ಕೆ ಆಗಲಿಲ್ಲ. ಹೇಳಿದೆ. “ಹಾಗಾದರೆ ನಮ್ಮದನ್ನು ಯಾಕೆ ಕೇಳುವುದು?” ಅಂದರು. ಕೋಪದಲ್ಲಿ ಅಲ್ಲ, ಸುಮ್ನೆ ಲೆಕ್ಕ ಕೇಳಿದ ಹಾಗೆ. ಆಮೇಲೆ ಒಳಗೆ ಹೋಗಿ ನನಗೆ ಬೆಲ್ಲ, ನೀರು ತಂದುಕೊಟ್ಟರು. ಮಗಳನ್ನು ಎಲ್‌ಕೆಜಿಗೆ ವ್ಯಾನು ಹತ್ತಿಸಿದರು.

ಮನೆಗೆ ಬಂದು ಎರಡು ದಿನ ಸಿಟ್ಟಿನಲ್ಲೇ ಇದ್ದೆ. ಮೂರನೆಯ ದಿನ ಅನ್ನಿಸಿತು, ಅವರು ಕೇಳಿದ್ದು ಸರಿಯೇ ಅಲ್ವಾ? ನನ್ನ ಮಗನಿಗೆ ಬೇಕು ಅಂತ ನನಗೆ ಅನ್ನಿಸಿದ್ದು ಅವರ ಮಗಳಿಗೆ ಬೇಡ ಅಂತ ನಾನು ಹೇಗೆ ಹೇಳುವುದು? ಆ ವರ್ಷದಿಂದ ದಿನಾ ಅರ್ಧ ಗಂಟೆ ಇಂಗ್ಲಿಷ್ ಮಾತಾಡಿಸುವುದನ್ನು ಶುರು ಮಾಡಿದೆ. 9 ಮಕ್ಕಳಿಗೇ. ನನಗೂ ಸರಿಯಾಗಿ ಬರುತ್ತಿರಲಿಲ್ಲ, ನಾವು 10 ಜನ ಒಟ್ಟಿಗೆ ಕಲಿತೆವು ಅಂತ ಇಟ್ಟುಕೊಳ್ಳಿ.

ಆಮೇಲೆ ಕೊರೊನಾ. 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಮಕ್ಕಳು ಶಾಲೆಗೆ ಬರುವ ಹಾಗಿಲ್ಲ, ನಾವೇ ಅವರಿದ್ದಲ್ಲಿಗೆ ಹೋಗಿ ಪಾಠ ಮಾಡಬೇಕು. ಎಲ್ಲಿ ಕೂರಿಸುವುದು? ಮಳೆ ಬೇರೆ. ಆಗ ಅದೇ ಅಕ್ಕ ಕರೆದು ಜಗಲಿ ಬಿಟ್ಟುಕೊಟ್ಟರು. ಅವರ ಮಗಳಿಗೆ ಆಗ ಯುಕೆಜಿ ಆನ್‌ಲೈನ್ ಕ್ಲಾಸ್. ಮನೆಗೆ ಒಂದೇ ಫೋನು, ನೆಟ್‌ವರ್ಕ್ ಬೇಕಾದರೆ ಗುಡ್ಡೆ ಹತ್ತಬೇಕು. ಮಗು ನಮ್ಮ ನಲಿ-ಕಲಿ ಕಾರ್ಡ್‌ಗಳ ಪಕ್ಕ ಬಂದು ಕೂರುವುದಕ್ಕೆ ಶುರು ಮಾಡಿತು. ನಾನು ಕರೆಯಲಿಲ್ಲ, ಓಡಿಸಲೂ ಇಲ್ಲ. 2021ರಲ್ಲಿ ಒಂದನೇ ತರಗತಿಗೆ ಅಕ್ಕ ತಾವೇ ಕೈಹಿಡಿದುಕೊಂಡು ಬಂದರು. “ಇಂಗ್ಲಿಷ್ ಬಿಡಬಾರದು ಟೀಚರ್, ನಾನು ಮನೆಯಲ್ಲಿ ಕೇಳ್ತೇನೆ” ಅಂದರು. ಅವರ ಹಿಂದೆ ಅವರ ವಠಾರದ ಇನ್ನೂ ಮೂರು ಮನೆಯವರು ಬಂದರು. ನಾನು ಹಂಚಿದ ಕರಪತ್ರಕ್ಕೆ ಒಬ್ಬರೂ ಬಂದದ್ದು ನೆನಪಿಲ್ಲ.

ಈಗ ಐದರವರೆಗೆ 31 ಮಕ್ಕಳಿದ್ದಾರೆ. ಈಗ ನಮ್ಮಲ್ಲೇ ಇರುವ ಎಲ್‌ಕೆಜಿ, ಯುಕೆಜಿ ಸೇರಿಸಿದರೆ 45.

ಇನ್ನು ತೋಟದ ವಿಷಯ. ಪ್ರಶಸ್ತಿ ಬಂದದ್ದೇ ಅದಕ್ಕೆ. ಬಿಸಿಯೂಟದ ಲೆಕ್ಕದಲ್ಲಿ ನಮ್ಮ ಮಕ್ಕಳಿಗೆ ದಿನಕ್ಕೆ ತಲಾ 100 ಗ್ರಾಂ ಅಕ್ಕಿ, 50 ಗ್ರಾಂ ತರಕಾರಿ. 31 ಮಕ್ಕಳಿಗೆ ಒಂದೂವರೆ ಕಿಲೊ ಚಿಲ್ಲರೆ. ಅಷ್ಟನ್ನು ನಾವೇ ಬೆಳೆದರೆ ಹೇಗೆ ಅಂತ ಶುರುವಾದದ್ದು. ಬಸಳೆ ಚಪ್ಪರ, ತೊಂಡೆ, ಹರಿವೆ, ಅಲಸಂಡೆ, ನುಗ್ಗೆ, ಬೇಲಿ ಬದಿಗೆ ಪಪ್ಪಾಯಿ. ಬಟ್ಟಲು ತೊಳೆದ ನೀರು ಕಣಿಯಲ್ಲಿ ಹರಿದು ಬಾಳೆಬುಡಕ್ಕೆ ಹೋಗುತ್ತದೆ. ಇಷ್ಟೇ. ದೊಡ್ಡ ವಿಜ್ಞಾನ ಏನಿಲ್ಲ.

ಆದರೆ ಶಾಲೆಯ ತೋಟಕ್ಕೆ ಒಂದು ಕಾಯಿಲೆ ಇದೆ. ಏಪ್ರಿಲ್, ಮೇ ತಿಂಗಳು. ರಜೆಯಲ್ಲಿ ನೀರು ಹಾಕುವವರು ಯಾರು? ಮೊದಲ ವರ್ಷ ರಜೆ ಮುಗಿಸಿ ಬಂದಾಗ ಚಪ್ಪರದಲ್ಲಿ ಒಣಗಿದ ಬಳ್ಳಿ ಮಾತ್ರ ಇತ್ತು. ಮರುವರ್ಷ ಬಂದಾಗ ಬಸಳೆ ಹಸಿರಾಗಿತ್ತು. ಪಕ್ಕದ ಮನೆಯ ಅಜ್ಜ ತಮ್ಮ ಬಾವಿಯಿಂದ ಪೈಪ್ ಎಳೆದು, ಬೇಲಿಯಲ್ಲಿ ತೂತು ಮಾಡಿ, ದಿನಾ ಸಂಜೆ ನೀರು ಬಿಟ್ಟಿದ್ದರು. ಯಾರೂ ಹೇಳಿರಲಿಲ್ಲ. ತಮ್ಮ ಪೇರಳೆ ಮರಕ್ಕೆ ಕಲ್ಲು ಹೊಡೆಯುತ್ತಾರೆ ಅಂತ ನಮ್ಮ ಮಕ್ಕಳಿಗೆ ಅತಿ ಜಾಸ್ತಿ ಬೈಯುವವರು ಇದೇ ಅಜ್ಜ. ಥ್ಯಾಂಕ್ಸ್ ಹೇಳಲು ಹೋದರೆ “ಬಸಳೆ ಸಾಯುವುದು ನೋಡ್ಲಿಕ್ಕೆ ಆಗುವುದಿಲ್ಲ, ಅಷ್ಟೇ” ಅಂದರು.

ಅವರಿಗೂ ನನಗೂ ಒಂದೇ ಜಗಳ, ಸುಡುಮಣ್ಣು, ಅಂದರೆ ತರಗೆಲೆಯೊಟ್ಟಿಗೆ ಸುಟ್ಟ ಮಣ್ಣಿನ ಗೊಬ್ಬರ. ಬಸಳೆಗೆ ಸುಡುಮಣ್ಣು ಇಲ್ಲದಿದ್ದರೆ ಆಗುವುದೇ ಇಲ್ಲ ಅಂತ ಅವರು. ಹಸಿರು ಶಾಲೆಯಲ್ಲಿ ತರಗೆಲೆ ಸುಡಬಾರದು, ಗೊಬ್ಬರಗುಂಡಿಗೆ ಹಾಕಬೇಕು ಅಂತ ನಾನು. ಕೊನೆಗೆ ಅವರು ತಮ್ಮ ಅಂಗಳದಲ್ಲೇ ಸುಟ್ಟು, ಬುಟ್ಟಿಯಲ್ಲಿ ತುಂಬಿಸಿ, ನಾನಿಲ್ಲದ ಹೊತ್ತಿಗೆ ತಂದು ಹಾಕಲು ಶುರು ಮಾಡಿದರು. ಪ್ರಶಸ್ತಿ ಸಮಿತಿಯವರು ನೋಡಲು ಬಂದಾಗ ಎರಡನೇ ತರಗತಿಯ ಹುಡುಗನನ್ನು ಕೇಳಿದರು: “ಎಲೆ ಸುಡುತ್ತೀರಾ ಮಗಾ?” ಅವನು ಕೈಕಟ್ಟಿ ನಿಂತು ಹೇಳಿದ: “ನಾವು ಸುಡುವುದಿಲ್ಲ ಸರ್. ಅಜ್ಜ ಸುಡ್ತಾರೆ.” ಬೇಲಿಯಾಚೆ ಅಜ್ಜ ಕೆಮ್ಮಿದ್ದು ನನಗೆ ಕೇಳಿತು. ಆದರೂ ಪ್ರಶಸ್ತಿ ಬಂತು ಅಂದರೆ ಬಂದವರು ದೊಡ್ಡ ಮನಸ್ಸಿನವರು.

ಅಡುಗೆಯಕ್ಕನ ಬಗ್ಗೆ ಬರೆಯಲು ಹೊರಟರೆ ಮುಗಿಯುವುದಿಲ್ಲ. ಅವರಿಗೆ ಸಿಗುವ ಗೌರವಧನ ಎಷ್ಟು ಅಂತ ಗೊತ್ತಿದ್ದವರಿಗೆ ಗೊತ್ತು. 2013ರಲ್ಲಿ ಕ್ಷೀರಭಾಗ್ಯ ಶುರುವಾದಾಗ ಮಕ್ಕಳು ಹಾಲನ್ನು ಮುಟ್ಟುತ್ತಿರಲಿಲ್ಲ. ಲೋಟದಲ್ಲಿ ಬರೇ ಗಂಟು. ಇವರು ಹಾಲಿನ ಪುಡಿಯನ್ನು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ದೋಸೆ ಹಿಟ್ಟಿನ ಹಾಗೆ ಕಲಸುತ್ತಾರೆ. ಬೆರಳಲ್ಲಿ ಮುಟ್ಟಿ ನೋಡಿ, ಆಮೇಲೆ ಬಿಸಿನೀರಿಗೆ ಬಿಡುತ್ತಾರೆ. ತಳ ಹಿಡಿಯದ ಹಾಗೆ ತಿರುಗಿಸುತ್ತಲೇ ಇರುತ್ತಾರೆ. ಬೆಳ್ತಿಗೆ (ಬಿಳಿ) ಅಕ್ಕಿಯ ಅನ್ನ ಬೇಡ ಅಂತ ಮೂಗು ಮುರಿಯುವ ಕುಚ್ಚಲಕ್ಕಿಯ ಮಕ್ಕಳು ಇವರ ಬಸಳೆ ಸಾಂಬಾರಿಗಾಗಿ ಎರಡನೇ ಸಲ ಬಟ್ಟಲು ಹಿಡಿಯುತ್ತಾರೆ.

ರಿಕ್ಷಾದ ಅಣ್ಣನಿಗೆ ಸೊಲ್ಮೆ. ಮಳೆಗಾಲದಲ್ಲಿ ತೋಡು ತುಂಬಿದರೆ ಸಂಕ (ಕಾಲುಸೇತುವೆ) ದಾಟುವ ಹಾಗಿಲ್ಲ. ಆರು ಮಕ್ಕಳನ್ನು ಸುತ್ತುದಾರಿಯಲ್ಲಿ ಕರೆತರುತ್ತಾರೆ. ಜಿಲ್ಲಾಧಿಕಾರಿಯವರು ರಜೆ ಕೊಟ್ಟದ್ದು ನನಗಿಂತ ಮೊದಲು ಗೊತ್ತಾಗುವುದು ಇವರಿಗೆ. ಎಲ್‌ಕೆಜಿಯ ಗೌರವ ಶಿಕ್ಷಕಿಗೆ ಪ್ರತಿ ತಿಂಗಳು ಸಂಬಳ ಕಳಿಸುವ ಮುಂಬೈಯ ಹಳೆ ವಿದ್ಯಾರ್ಥಿಗಳಿಗೂ ಸೊಲ್ಮೆ. ಹೋಟೆಲ್ ಕೆಲಸ ಮಾಡಿ ಮೇಲೆ ಬಂದವರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ಯುವಕ ಮಂಡಲದ ಹುಡುಗರು ಎರಡು ಭಾನುವಾರ ಶ್ರಮದಾನದಲ್ಲಿ ಶಾಲೆಯ ಮಾಡು ಸರಿಮಾಡಿದರು. ಮಂಗಗಳ ಕಾಟದಲ್ಲಿ ಹಂಚು ಉಳಿಯುವುದಿಲ್ಲ. ಹಳೆ ಹಂಚು ಇಳಿಸಿ ಅಂಗಳದಲ್ಲಿ ಜೋಡಿಸಿದ್ದರು. ಬೀಡಿಯಕ್ಕನ ಮಗಳು, ಆಗ ನಾಲ್ಕನೇ ತರಗತಿ, ಒಂದು ಹಂಚನ್ನು ಮಗುಚಿ ಪಾಚಿ ಕೆರೆದಳು. ಅಚ್ಚೊತ್ತಿದ ಅಕ್ಷರಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಕೂಡಿಸಿ ಓದಿದಳು: “ಬಾ...ಸೆಲ್ ಮಿ...ಷನ್... ಮ್ಯಾಂಗಲೋರ್.” ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬಂದ ಮಿಷನ್‌ನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಕಥೆಯನ್ನು ಅವತ್ತು ಅಲ್ಲೇ ಹೇಳಿದೆ. ಮಕ್ಕಳು ಎಲ್ಲ ಹಂಚುಗಳನ್ನೂ ಮಗುಚಲು ಶುರು ಮಾಡಿದರು. ನಾಲ್ಕು ಒಡೆದವು. ಯುವಕ ಮಂಡಲದವರ ಕ್ಷಮೆ ಇರಲಿ.

ಸನ್ಮಾನದ ದಿನ ಒಬ್ಬರು ನಮ್ಮನ್ನು ಹರೇಕಳ ಹಾಜಬ್ಬರಿಗೆ ಹೋಲಿಸಿದರು. ಅದು ಬೇಡ ಮಾರಾಯ್ರೆ. ಹಾಜಬ್ಬರು ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರಿ, ಶಾಲೆಯೇ ಇಲ್ಲದ ಊರಿಗೆ ಶಾಲೆ ತಂದವರು. 2020ರಲ್ಲಿ ಅವರಿಗೆ ಪದ್ಮಶ್ರೀ ಅಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ ಇದ್ದೆ, ಒಬ್ಬಳೇ ಚಪ್ಪಾಳೆ ತಟ್ಟಿದ್ದೆ. ನಮಗೆ ಕಟ್ಟಡ ಇತ್ತು, ಸಂಬಳ ಇತ್ತು, ಬಾವಿ ಪಕ್ಕದಲ್ಲೇ ಇತ್ತು. ನಾವು ಮಾಡಿದ್ದು ಬಾಗಿಲು ಮುಚ್ಚದ ಹಾಗೆ ನೋಡಿಕೊಂಡದ್ದು ಮಾತ್ರ.

ಫಲಕವನ್ನು ಮರುದಿನ ಶಾಲೆಗೆ ತಂದೆ. ಮಕ್ಕಳು ಮುಟ್ಟಿ ಮುಟ್ಟಿ ನೋಡಿದರು. ಸಂಜೆ ಮಗಳನ್ನು ಕರೆದುಕೊಂಡು ಹೋಗಲು ಬೀಡಿಯಕ್ಕ ಬಂದರು. ಮಗಳು ಈಗ ಐದನೇ ತರಗತಿ, ಶಾಲಾ ಮಂತ್ರಿಮಂಡಲದ ಮುಖ್ಯಮಂತ್ರಿ. ಅಕ್ಕ ಫಲಕವನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ಹಿಂದಿನ ಬದಿ ನೋಡಿದರು.

“ಇದರೊಟ್ಟಿಗೆ ದುಡ್ಡು ಬರ್ತದಾ ಟೀಚರ್?”

“ಸ್ವಲ್ಪ ಬರ್ತದೆ.”

“ಹಾಗಾದ್ರೆ ಮೊದಲು ಆ ಪಂಪ್ ರಿಪೇರಿ ಮಾಡಿಸಿ. ಅಜ್ಜನ ಬಾವಿಯಿಂದ ಎಷ್ಟು ವರ್ಷ ಎಳೆಯುವುದು?”

ಶನಿವಾರ ಅರ್ಧ ದಿನ ಶಾಲೆ. ಹನ್ನೆರಡಕ್ಕೆ ಪಂಪಿನವರಿಗೆ ಬರಲು ಹೇಳಿದ್ದೇನೆ.