ಕೊನೆಯ ಲಾಂಚಿನವರೆಗೂ ದಾಟಿಸಿದವರಿಗೆ

ಶರಾವತಿ ಹಿನ್ನೀರಿಗೆ ಕಟ್ಟಿದ ಸಿಗಂದೂರು ಸೇತುವೆಯ ಮೇಲೆ ಮೊದಲ ಸಲ ಹೋದ ದಿನ ನನಗೆ ಖುಷಿಗಿಂತ ಗಲಿಬಿಲಿಯೇ ಹೆಚ್ಚಾಯಿತು. ಅಂಬಾರಗೋಡ್ಲು ದಡದಲ್ಲಿ ಜನ, ವಾಹನ ದಾಟಿಸುವ ಲಾಂಚ್ ಹತ್ತಿದರೆ ಕಳಸವಳ್ಳಿ ಮುಟ್ಟುವುದರೊಳಗೆ ಒಂದು ಕವಳ ಹಾಕಿ, ಪಕ್ಕದವರ ಮನೆ ಸುದ್ದಿಯೆಲ್ಲ ಕೇಳಿ ಮುಗಿಸುವುದು ನಮ್ಮ ಸೀಮೆಯ ವಾಡಿಕೆಯಾಗಿತ್ತು. ಈಗ ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಆಚೆ ದಡ ಬಂದುಬಿಡುತ್ತದೆ. 2.44 ಕಿಲೋಮೀಟರ್, ಅಷ್ಟೇ. ಅಷ್ಟಕ್ಕಾಗಿ ನಾವು ಕಾದದ್ದು ಅರವತ್ತು ವರ್ಷ.

2025ರ ಜುಲೈ 14ರಂದು ಸೇತುವೆ ತೆರೆಯಿತು. ಆ ದಿನ ವೇದಿಕೆಯಲ್ಲಿ ಯಾರಿದ್ದರು, ಯಾರನ್ನು ಸರಿಯಾಗಿ ಕರೆಯಲಿಲ್ಲ ಎನ್ನುವ ಜಗಳ ಪೇಪರಿನಲ್ಲಿ ನೀವೆಲ್ಲ ಓದಿದ್ದೀರಿ, ನನಗೆ ಅದರಲ್ಲಿ ಆಸಕ್ತಿಯಿಲ್ಲ. ಪಾದಯಾತ್ರೆ ಮಾಡಿದವರಿಗೆ, ಮನವಿ ಬರೆದು ಬರೆದು ಮುದುಕರಾದವರಿಗೆ, 2018ರ ಶಂಕುಸ್ಥಾಪನೆಯಿಂದ ಹಿಡಿದು ಕೊನೆಯ ಕೇಬಲ್ ಬಿಗಿಯುವವರೆಗೆ ಮಳೆಗಾಳಿಯಲ್ಲಿ ನೀರಿನ ಮೇಲೆ ದುಡಿದ ಕೂಲಿಯವರಿಗೆ ದೊಡ್ಡ ನಮಸ್ಕಾರ. ಆದರೆ ಈ ಬರಹ ಹಾರ ಬೀಳದವರಿಗೆ.

ಹೊರಗಿನವರು ನಮ್ಮ ಕರೂರು ಸೀಮೆಯನ್ನು ದ್ವೀಪ ಅನ್ನುತ್ತಾರೆ. ದ್ವೀಪವಲ್ಲ. ಮೂರು ಕಡೆ ಹಿನ್ನೀರು, ಇನ್ನೊಂದು ಕಡೆ ಘಟ್ಟದ ಕಾಡು. ಒಂದು ಕಾಲದಲ್ಲಿ ಇದು ದಾರಿ ತಪ್ಪಿದ ಮೂಲೆಯೂ ಆಗಿರಲಿಲ್ಲ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಕಾನೂರು ಕೋಟೆ ಇದೇ ಕಾಡಿನಲ್ಲಿ ಹಾಳುಬಿದ್ದಿದೆ. ಮೆಣಸಿನ ಮೂಟೆ ಗೇರುಸೊಪ್ಪೆಗೆ ಇಳಿದು ಕಡಲು ಸೇರುತ್ತಿದ್ದ ನಾಡು ಇದು. ನಮ್ಮನ್ನು ಮೂಲೆಗೆ ಹಾಕಿದ್ದು ನೀರು, ಅದೂ ನಾವು ಕಟ್ಟಿದ ನೀರು.

ಮೊದಲು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಬಂತು. ಜೋಗದಲ್ಲಿ 1948ರಲ್ಲಿ ವಿದ್ಯುತ್ ಶುರುವಾದದ್ದು ಅದರ ನೀರಿನಿಂದ. ಆಮೇಲೆ 1964ರಲ್ಲಿ ಲಿಂಗನಮಕ್ಕಿ. ಅದು ಎಷ್ಟು ದೊಡ್ಡದೆಂದರೆ ಮಡೆನೂರಿನ ಅಣೆಕಟ್ಟನ್ನೇ ನುಂಗಿಬಿಟ್ಟಿತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಹಳೆಯ ಅಣೆಕಟ್ಟು ಮೇಲೆದ್ದು ಕಾಣುತ್ತದೆ, ಫೋಟೋ ತೆಗೆಯಲು ಜನ ಬರುತ್ತಾರೆ. ನನ್ನ ಅಜ್ಜಿ ಮಾತ್ರ ಆ ಕಡೆ ತಲೆ ಹಾಕುತ್ತಿರಲಿಲ್ಲ. ಒಂದೇ ಒಂದು ಸಲ, ಲಾಂಚಿನ ಕಂಬಿ ಹಿಡಿದು ನಿಂತಾಗ, ನೀರಿನ ನಡುವೆ ಒಣಗಿ ನಿಂತಿದ್ದ ಬೊಡ್ಡೆಯೊಂದನ್ನು ತೋರಿಸಿ, "ಅದು ನಮ್ಮ ಅಂಗಳದ ಹಲಸು" ಅಂದಿದ್ದಳು. ಅಷ್ಟು ದೂರದಿಂದ ಗುರುತು ಹೇಗೆ ಸಿಕ್ಕಿತು ಎಂದು ಕೇಳಬೇಕೆನಿಸಿತ್ತು, ಕೇಳಲಿಲ್ಲ.

ಇಸವಿಗಳನ್ನು ಸಾಲಾಗಿಟ್ಟು ನೋಡಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭತ್ತ ಅಳೆಯುವ ಕೊಳಗದ ಅಳತೆಯ ಅನ್ಯಾಯದ ವಿರುದ್ಧ ಎದ್ದು ನಿಂತದ್ದು 1951ರಲ್ಲಿ. ರೈತ ಮುಖಂಡ ಗಣಪತಿಯಪ್ಪನವರು, ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಜೊತೆಗಿದ್ದರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನೇ ಹೊಲದೊಡೆಯ ಎಂಬುದು ನಿಜವಾಗಿ ಕಾನೂನಾಗಿದ್ದು 1974ರಲ್ಲಿ. ನಡುವೆ, 1964ರಲ್ಲಿ, ನೀರು ಬಂತು. ಹೆಸರು ಪಹಣಿಯಲ್ಲಿ ಇಲ್ಲದ ನನ್ನ ಅಜ್ಜನಂಥ ಗೇಣಿದಾರ ಯಾವ ಕಾಗದ ತೋರಿಸಿ ಪರಿಹಾರ ಕೇಳಬೇಕಿತ್ತು? ಎತ್ತು, ನೇಗಿಲು, ಒಂದು ದೇವರ ಪೆಟ್ಟಿಗೆ ಹೊತ್ತು ಗುಡ್ಡದ ಮೇಲೆ ಬಂದ. ಇನ್ನೂ ಎಷ್ಟೋ ಮನೆಯವರನ್ನು ಲಾರಿಯಲ್ಲಿ ತುಂಬಿ ಜಿಲ್ಲೆಯ ಬೇರೆ ಕಾಡುಗಳಿಗೆ ಸಾಗಿಸಿದರು. ಅವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ನಾಡಿಗೆಲ್ಲ ಬೆಳಕು ಹೋಯಿತು. ನಮ್ಮ ಮನೆಯಲ್ಲಿ ನಾನು ಓದಿದ್ದು ಬುಡ್ಡಿದೀಪದಲ್ಲಿ.

ಹಾಗಾಗಿ ಮೊದಲ ಕೃತಜ್ಞತೆ ಬಿಟ್ಟುಕೊಟ್ಟವರಿಗೆ. ಕೊಟ್ಟವರು ಅನ್ನಲಾರೆ, ಅವರನ್ನು ಯಾರೂ ಕೇಳಿರಲಿಲ್ಲ.

ಎರಡನೆಯದು ಲಾಂಚಿನವರಿಗೆ. ಬಸ್ಸು, ಜೀಪು, ಅಡಿಕೆ ಮೂಟೆ, ಸಿಮೆಂಟು, ಹೋರಿ, ಮದುವೆ ದಿಬ್ಬಣ, ಹೆರಿಗೆಗೆ ಹೊರಟ ಬಸುರಿ, ಹೆಣ, ಹೀಗೆ ನಮ್ಮ ಸೀಮೆಯ ಬದುಕೆಲ್ಲ ಆ ಕಬ್ಬಿಣದ ಹಾಸಿನ ಮೇಲೆ ದಾಟಿದೆ. ಬೇಸಿಗೆಯಲ್ಲಿ ನೀರು ಇಳಿದು ವಾಹನ ಹತ್ತಿಸುವುದು ನಿಲ್ಲುವ ಹೊತ್ತಿಗೆ, ಯಾವ ಬೊಡ್ಡೆ ಎಲ್ಲಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲವರು ನೀವು. ರಜಾ ದಿನಗಳಲ್ಲಿ ಸಿಗಂದೂರು ದೇವಸ್ಥಾನಕ್ಕೆ ಬಂದ ಕಾರುಗಳ ಸಾಲು ಮೈಲುಗಟ್ಟಲೆ ಬೆಳೆದಾಗ, ಬೈಗುಳ ತಿಂದುಕೊಂಡೇ ಊರಿನ ಕಾಯಿಲೆಯವರನ್ನು ಮುಂದೆ ಬಿಟ್ಟಿರಿ. ನಮ್ಮಲ್ಲೂ ಬೈದವರಿದ್ದರು. ನಾನೂ ಬೈದಿದ್ದೇನೆ, ಕ್ಷಮಿಸಿ.

ಕತ್ತಲಾದರೆ ಲಾಂಚಿಲ್ಲ. ಇದು ನಮ್ಮ ಸೀಮೆಯ ಪಂಚಾಂಗವಾಗಿತ್ತು. ನೆಂಟರು ಮಧ್ಯಾಹ್ನದ ಕಾಫಿ ಕುಡಿದು ಗಡಿಯಾರ ನೋಡುತ್ತಿದ್ದರು. ಹೆಗ್ಗೋಡಿನ ನೀನಾಸಂ ನಾಟಕಕ್ಕೆ ಹೋದರೆ ರಾತ್ರಿ ಯಾರದಾದರೂ ಜಗುಲಿಯೇ ಗತಿ. ಬೆಳಗಿನವರೆಗೆ ನಡೆಯುವ ಯಕ್ಷಗಾನ ಮಾತ್ರ ನಮಗೆ ಹೇಳಿ ಮಾಡಿಸಿದ್ದು: ಸಂಜೆಯ ಕೊನೆಯ ಲಾಂಚಿಗೆ ಹೋಗಿ, ಮಂಗಳ ಹಾಡಿದ ಮೇಲೆ ಮೊದಲ ಲಾಂಚಿಗೆ ಬರುವುದು. ಆಟವನ್ನು ಮೂರು ಗಂಟೆಗಳ ಅವಧಿಗೆ ಇಳಿಸಿದಾಗ ಅತಿ ಹೆಚ್ಚು ಬೇಸರ ಪಟ್ಟವರು ಬಹುಶಃ ನಮ್ಮ ಕಡೆಯವರೇ!

ಆದರೆ ಎದೆನೋವಿಗೆ ಪಂಚಾಂಗ ಗೊತ್ತಿಲ್ಲ. ಅಡಿಕೆಗೆ ಕೊಳೆರೋಗ ಜೋರಾಗಿದ್ದ ಒಂದು ಆಷಾಢದಲ್ಲಿ, ಇಡೀ ದಿನ ತೋಟದಲ್ಲಿ ನಿಂತು ಬೋರ್ಡೋ ದ್ರಾವಣ ಹೊಡೆಸಿದ ಅಪ್ಪ ರಾತ್ರಿ ಊಟಕ್ಕೆ ಕೂತವರು ಹಾಗೆಯೇ ಒರಗಿದರು. ಹೊಸನಗರ ಸುತ್ತಿ ಹೋಗುವಷ್ಟು ಹೊತ್ತಿರಲಿಲ್ಲ. ದಡಕ್ಕೆ ಬಂದೆವು, ಮಳೆ, ಆಚೆ ದಡವೇ ಕಾಣದಷ್ಟು ಕತ್ತಲು. ನೀವು ಯಾರೆಂದು ಹೆಸರು ಬರೆಯುವುದಿಲ್ಲ. ಬನಿಯನ್ನಿನಲ್ಲೇ ಎದ್ದು ಬಂದಿರಿ. ಅಲೆಗೆ ಲಾಂಚ್ ಹೊಯ್ದಾಡುವಾಗ ಒಬ್ಬರು ಚುಕ್ಕಾಣಿ ಹಿಡಿದಿದ್ದರು, ಇನ್ನೊಬ್ಬರು ಅಪ್ಪನ ತಲೆಯ ಮೇಲೆ ಕೊಡೆ ಹಿಡಿದು, ಬೇಡ ಬೇಡವೆಂದರೂ ನಿಲ್ಲಿಸದೆ ಅಡಿಕೆ ರೇಟಿನ ಮಾತಾಡಿಸುತ್ತಿದ್ದರು. ರಾಶಿ ಎಷ್ಟು, ಚಾಲಿ ಎಷ್ಟು, ಈ ವರ್ಷ ಏರುತ್ತದಾ? ಎಚ್ಚರ ತಪ್ಪಬಾರದೆಂದು ಹಾಗೆ ಮಾಡಿದಿರಿ ಎಂದು ನನಗೆ ತಿಳಿದದ್ದು ವರ್ಷದ ಮೇಲೆ. ಅಪ್ಪ ಉಳಿದರು. ಈಗಲೂ ರೇಟು ಕೇಳುತ್ತಲೇ ಇದ್ದಾರೆ.

ಉಳಿದವರನ್ನು ಬೇಗ ಬೇಗ ನೆನೆಯುತ್ತೇನೆ, ಬಿಟ್ಟರೆ ಸಿಟ್ಟಾಗಬೇಡಿ. ಸಾಗರದಲ್ಲಿ ಓದುವ ನಮ್ಮ ಮಕ್ಕಳಿಗೆ ಬಾಡಿಗೆಯಿಲ್ಲದೆ ಅಟ್ಟ ಬಿಟ್ಟುಕೊಟ್ಟ ನೆಂಟರು. ಹಾವು ಕಚ್ಚಿದವರನ್ನು ಬೈಕಿನ ನಡುವೆ ಕೂರಿಸಿಕೊಂಡು ಹೋದ ಹುಡುಗರು. ಲಾಂಚ್ ತಪ್ಪಿದವರಿಗೆ ದಡದ ಅಂಗಡಿಯಲ್ಲಿ ಚಾಪೆ ಹಾಸಿಕೊಟ್ಟ ಅಮ್ಮ. ವರ್ಗ ಮಾಡಿಸಿಕೊಂಡು ಓಡದೆ ಉಳಿದ ಮೇಷ್ಟ್ರು, ನರ್ಸಕ್ಕ. ಓಡಿದವರನ್ನೂ ನಾನು ದೂರುವುದಿಲ್ಲ.

ಸೇತುವೆ ಬಂದ ಮೇಲೆ ಎಲ್ಲ ಸರಿಹೋಯಿತೆಂದು ಹೇಳಲಾರೆ. ಅಡಿಕೆಯ ಎಲೆಚುಕ್ಕೆ ರೋಗ ಸೇತುವೆ ನೋಡಿ ಹೆದರುವುದಿಲ್ಲ. ತೋಟದ ಜಾಗ ಕೊಳ್ಳುವವರು ಈಗ ಸುಲಭವಾಗಿ ಬರುತ್ತಾರೆ, ಮಾರಿ ಹೋಗುವವರು ಇನ್ನೂ ಸುಲಭವಾಗಿ ಹೋಗುತ್ತಾರೆ. ಅದು ಬೇರೆ ದಿನದ ಮಾತು.

ಲಾಂಚಿನವರೇ, ಒಂದು ಕೆಲಸದ ಮಾತು. ನಮ್ಮಲ್ಲಿ ಅಡಿಕೆ ಕೊನೆಕೊಯ್ಲು ಮುಗಿಯುವ ದಿನ ಊಟ ಇಟ್ಟುಕೊಂಡಿದ್ದೇವೆ. ಮಕ್ಕಳುಮರಿ ಸಮೇತ ಎಲ್ಲರೂ ಬನ್ನಿ. ಅಪ್ಪ ಮಾತಿಗೆ ಕೂರಿಸಿದರೆ ಏಳುವಾಗ ರಾತ್ರಿ ಹನ್ನೊಂದಾದರೂ ಆದೀತು. ಗಡಿಯಾರ ನೋಡಬೇಡಿ. ಜೀಪು ಅಂಗಳದಲ್ಲೇ ಇರುತ್ತದೆ, ಈ ಸಲ ದಾಟಿಸುವ ಕೆಲಸ ನಮ್ಮದು.