ಮೊದಲು ಬಿಡಿ ಸಿಗರೇಟ್ ಮಾರಾಟ ನಿಲ್ಲಿಸಿ, ಆಮೇಲೆ ಇ-ಸಿಗರೇಟ್ ಮಾತಾಡೋಣ

ಮಾನ್ಯ ಸಂಪಾದಕರೇ,

ಇ-ಸಿಗರೇಟ್ ನಿಷೇಧ ತೆಗೆಯಬೇಕು, ಸಿಗರೇಟ್ ಬಿಡುವವರಿಗೆ ಅದರಿಂದ ಅನುಕೂಲ ಅನ್ನೋ ವಾದವಿದೆ. ಅದರಲ್ಲಿ ಹುರುಳೇ ಇಲ್ಲ ಅಂತ ನಾನು ಹೇಳುವುದಿಲ್ಲ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯೇ ಸಿಗರೇಟ್ ಬಿಡಲು ವೇಪ್, ಅಂದರೆ ಇ-ಸಿಗರೇಟ್, ಸೂಚಿಸುತ್ತದೆ. ಆದರೆ ಅಲ್ಲಿ ವೇಪ್ ಒಳಗಿನ ದ್ರವದಲ್ಲಿ ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಜಾಸ್ತಿ ನಿಕೋಟಿನ್ ಇರುವಂತಿಲ್ಲ. ಇಷ್ಟೆಲ್ಲ ಕಟ್ಟುಪಾಡು ಇದ್ದೂ ಮಕ್ಕಳ ಕೈಗೆ ಹೋಗುವುದು ತಪ್ಪಲಿಲ್ಲ, 2025ರ ಜೂನ್‌ನಲ್ಲಿ ಬಳಸಿ ಬಿಸಾಡುವ ವೇಪ್‌ಗಳ ಮಾರಾಟವನ್ನು ಅಲ್ಲೂ ನಿಲ್ಲಿಸಿದರು.

ನಮ್ಮಲ್ಲಿ ಕಾನೂನಿಗೇನೂ ಬರವಿಲ್ಲ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತು, 2019ರಲ್ಲಿ ಇಡೀ ದೇಶಕ್ಕೆ ಕಾಯ್ದೆ ಬಂತು. ಮೊದಲ ಸಲ ಮಾರಿ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಆದರೂ ಪೆನ್‌ಡ್ರೈವ್ ಥರ ಕಾಣುವ, ಮಾವು, ಪುದೀನ ಘಮದ ವೇಪ್‌ಗಳು ಹುಡುಗರ ಜೇಬಿನಲ್ಲಿವೆ. ಕದ್ದು ಬಂದ ಮಾಲು, ಒಳಗೆ ಎಷ್ಟು ನಿಕೋಟಿನ್ ಇದೆ ಅಂತ ಯಾರನ್ನು ಕೇಳೋದು?

ಇನ್ನು ಬಿಡಿ ಸಿಗರೇಟ್. ನಮ್ಮ ಏರಿಯಾದ ಪಿಯು ಕಾಲೇಜಿನ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ದಾರಕ್ಕೆ ಕಟ್ಟಿದ ಲೈಟರ್ ನೇತಾಡುತ್ತಿರುತ್ತದೆ. ಹುಡುಗರು ಬ್ಯಾಗ್ ಹೆಗಲಿಗೇರಿಸಿಕೊಂಡೇ ಬಂದು ಒಂದು ಟೀ, ಒಂದು ಸಿಗರೇಟ್ ತೆಗೆದುಕೊಂಡು ಅಲ್ಲೇ ಹಚ್ಚುತ್ತಾರೆ. ರಾಜ್ಯ ಸರ್ಕಾರ ತಿದ್ದುಪಡಿ ಮಾಡಿ 2025ರಲ್ಲಿ ಜಾರಿಗೆ ತಂದ ಕಾಯ್ದೆ ಪ್ರಕಾರ 21 ವರ್ಷ ತುಂಬದವರಿಗೆ ಮಾರುವಂತಿಲ್ಲ, ಶಾಲೆ ಕಾಲೇಜಿನ 100 ಮೀಟರ್ ಒಳಗೆ ಮಾರುವಂತಿಲ್ಲ, ಬಿಡಿಯಾಗಂತೂ ಮಾರಲೇಬಾರದು. ಮೂರೂ ಒಂದೇ ಅಂಗಡಿಯಲ್ಲಿ, ಹಾಡಹಗಲೇ ಮುರಿದುಬೀಳುತ್ತಿವೆ. ಪ್ಯಾಕಿನ ಶೇ 85 ಭಾಗದಲ್ಲಿ ಎಚ್ಚರಿಕೆಯ ಚಿತ್ರ ಹಾಕಿಸಿದ್ದೇವೆ ಸರಿ, ಒಂದೊಂದೇ ಕೊಳ್ಳುವ ಹುಡುಗ ಆ ಪ್ಯಾಕನ್ನು ಕೈಯಲ್ಲಿ ಹಿಡಿಯುವುದೇ ಇಲ್ಲ ಅಲ್ವಾ?

ಕಣ್ಣೆದುರಿನ ಬಿಡಿ ಸಿಗರೇಟನ್ನೇ ತಡೆಯಲಾಗದ ನಾವು ಇ-ಸಿಗರೇಟನ್ನು ಅಂಗಡಿಗೆ ಬಿಟ್ಟು, ವಯಸ್ಸು ನೋಡಿ ಮಾರುತ್ತಾರೆ ಅಂತ ನಂಬುವುದು ಹೇಗೆ? ನನಗಂತೂ ಧೈರ್ಯವಿಲ್ಲ. ಸಿಗರೇಟ್ ಬಿಡಬೇಕು ಅನ್ನುವವರಿಗೆ ನಿಕೋಟಿನ್ ಗಮ್ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ, 1800-11-2356ಕ್ಕೆ ಕರೆ ಮಾಡಿದರೆ ಪುಕ್ಕಟೆ ಸಲಹೆ ಸಿಗುತ್ತದೆ. ಇದು ಎಷ್ಟು ಜನಕ್ಕೆ ಗೊತ್ತು? ಆರೋಗ್ಯ ಇಲಾಖೆ ಈ ನಂಬರನ್ನು ಪ್ರತಿ ಬಸ್ ನಿಲ್ದಾಣದಲ್ಲಿ ದೊಡ್ಡದಾಗಿ ಬರೆಸಲಿ. ಪೊಲೀಸರು, ಪಾಲಿಕೆಯವರು ವರ್ಷಕ್ಕೊಮ್ಮೆ ತಂಬಾಕುರಹಿತ ದಿನ ಮಾತ್ರ ದಾಳಿ ಮಾಡದೆ, ಕಾಲೇಜು ಬಿಡುವ ಹೊತ್ತಿಗೆ ವಾರಕ್ಕೊಂದು ಸಲವಾದರೂ ಆ ಅಂಗಡಿಗಳ ಮುಂದೆ ಬಂದು ನಿಲ್ಲಲಿ.

— ಒಬ್ಬ ಓದುಗ, ದಾವಣಗೆರೆ