ಆಂಟೆನಾ ಅಳೆಯುವ ಕೋಣೆಗಳು ಸಣ್ಣ ತಯಾರಕರಿಗೂ ತೆರೆಯಲಿ

ಮಾನ್ಯ ಸಂಪಾದಕರೇ,

ಹದಿನಾಲ್ಕು ವರ್ಷಗಳಿಂದ ನಾನು ಪೀಣ್ಯದಲ್ಲಿ ಪ್ಯಾಚ್ ಆಂಟೆನಾ, ಅಂದರೆ ಹಲಗೆಗೆ ಅಂಟಿದ ಚಪ್ಪಟೆ ತಾಮ್ರದ ತುಂಡಿನ ಆಂಟೆನಾ, ತಯಾರಿಸುತ್ತಿದ್ದೇನೆ. ನಮ್ಮದು ಆರು ಜನರ ಕಾರ್ಯಾಗಾರ. ಗಿರಾಕಿ ಕೇಳಿದ ಆವರ್ತನ ಮತ್ತು ಅವರ ಪೆಟ್ಟಿಗೆಯ ಅಳತೆಗೆ ಹೊಂದುವಂತೆ ತಾಮ್ರದ ಹಾಳೆಯ ಮೇಲೆ ವಿನ್ಯಾಸ ಮೂಡಿಸಿ, ಬೇಡದ ತಾಮ್ರವನ್ನು ರಾಸಾಯನಿಕದಿಂದ ಕರಗಿಸುವ ಎಚಿಂಗ್ ಮಾಡಿಸಿ, ಕನೆಕ್ಟರ್ ಬೆಸೆದು ಕೊಡುತ್ತೇವೆ. ಸ್ಥಳ ತಿಳಿಸುವ ನಮ್ಮ ದೇಶದ ಉಪಗ್ರಹ ವ್ಯವಸ್ಥೆ ನಾವಿಕ್‌ನ 1176.45 ಮೆಗಾಹರ್ಟ್ಸ್ ಸಂಕೇತಕ್ಕೆ, ಎಫ್‌ಆರ್4 ಎಂಬ ಸಾಮಾನ್ಯ ಗಾಜುನಾರಿನ ಹಲಗೆಯಲ್ಲಿ ಸುಮಾರು 6 ಸೆಂಟಿಮೀಟರ್ ಚೌಕ ಬೇಕು. 5.8 ಗಿಗಾಹರ್ಟ್ಸ್‌ಗೆ ಒಳ್ಳೆಯ ಹಲಗೆಯಾದರೆ 13 ಮಿಲಿಮೀಟರ್ ಸಾಕು.

ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಕಾಫಿ ತೋಟವೊಂದಕ್ಕೆ ಗುಡ್ಡದಿಂದ ಗುಡ್ಡಕ್ಕೆ ರೇಡಿಯೊ ಸಂಪರ್ಕ ಬೇಕಾಗಿತ್ತು. ಹದಿನಾರು ಪ್ಯಾಚ್‌ಗಳನ್ನು ಒಂದೇ ಫಲಕದಲ್ಲಿ ಸಾಲಾಗಿ ಜೋಡಿಸಿದ ಅರೇ ಮಾಡಿದೆವು. ಅದರ ಮೇಲಿನ ಎರಡು ಸಾಲು ಮತ್ತು ಕೆಳಗಿನ ಎರಡು ಸಾಲುಗಳಿಗೆ ಸಂಕೇತ ಒಯ್ಯುವ ತಾಮ್ರದ ದಾರಿ ಎದುರುಬದುರು ದಿಕ್ಕಿನಿಂದ ಬರುತ್ತದೆ. ಹಾಗಾಗಿ ಎರಡೂ ಅರ್ಧಗಳ ತರಂಗಗಳು ಹೊಂದಿಕೊಳ್ಳಲು ಒಂದು ಅರ್ಧಕ್ಕೆ ಅರ್ಧ ತರಂಗದಷ್ಟು, ಅಂದರೆ ಸುಮಾರು 15 ಮಿಲಿಮೀಟರ್, ಹೆಚ್ಚು ಉದ್ದದ ತಾಮ್ರದ ಬಳಸುದಾರಿ ಕೊಡಬೇಕು. ಸ್ಕ್ರೂ ತೂತಿಗೆ ಜಾಗ ಮಾಡುವ ಆತುರದಲ್ಲಿ ನಾವು ಆ ಬಳಸನ್ನು ನೇರ ಮಾಡಿಬಿಟ್ಟೆವು. ತಪ್ಪು ನಮ್ಮದೇ. ನೆಟ್‌ವರ್ಕ್ ಅನಲೈಸರ್ ಎಂಬ ಅಳತೆಯ ಯಂತ್ರಕ್ಕೆ ಜೋಡಿಸಿದಾಗ ರೇಖೆ ಬಲು ಚೆನ್ನಾಗಿ ಬಂತು. ಕಳುಹಿಸಿದೆವು. ಕಂಬದ ಮೇಲೆ ಏರಿಸಿದವರು ಸಂಪರ್ಕ ಸಿಗದೆ ಮಳೆಯಲ್ಲಿ ಎರಡು ದಿನ ಒದ್ದಾಡಿದರು. ಎರಡೂ ಅರ್ಧಗಳ ತರಂಗಗಳು ನೇರ ಮುಂದಕ್ಕೆ ಒಂದನ್ನೊಂದು ಅಳಿಸಿಹಾಕುತ್ತಿದ್ದವು. ಶಕ್ತಿಯೆಲ್ಲ ಮೇಲಕ್ಕೂ ಕೆಳಕ್ಕೂ ಹೋಗುತ್ತಿತ್ತು.

ನಮ್ಮ ಬಳಿ ಇರುವ ಅನಲೈಸರ್, ಆಂಟೆನಾ ಶಕ್ತಿಯನ್ನು ಹಿಂದಕ್ಕೆ ಕಳುಹಿಸದೆ ಒಳಗೆ ತೆಗೆದುಕೊಂಡಿತೇ ಎಂಬುದನ್ನಷ್ಟೇ ತೋರಿಸುತ್ತದೆ. ಆ ಶಕ್ತಿ ಯಾವ ದಿಕ್ಕಿಗೆ ಹೊರಟಿತು, ಎಷ್ಟು ಭಾಗ ಹಲಗೆಯಲ್ಲೇ ಬಿಸಿಯಾಗಿ ಕರಗಿತು ಎಂಬುದು ಅದಕ್ಕೆ ಕಾಣದು. ಶಕ್ತಿಯನ್ನೆಲ್ಲ ಬಿಸಿಯಾಗಿಸಿ ಮುಗಿಸುವ 50 ಓಮ್‌ನ ರೆಸಿಸ್ಟರ್ ಜೋಡಿಸಿದರೂ ಏನೂ ಹಿಂದಕ್ಕೆ ಬರಲಿಲ್ಲ ಎಂದೇ ರೇಖೆ ತೋರಿಸುತ್ತದೆ. ದಿಕ್ಕನ್ನು ನೋಡಬೇಕಾದರೆ ಪ್ರತಿಫಲನವೇ ಇಲ್ಲದ ಕೋಣೆ ಬೇಕು. ಗೋಡೆಗೆಲ್ಲ ಫೋಮಿನ ಮೊನಚು ಹೊದಿಸಿದ ಅನೆಕೋಯಿಕ್ ಚೇಂಬರ್. ನಾವು ತಾರಸಿಯ ಮೇಲೆ ಅಳೆದು ನೋಡಿದ್ದುಂಟು. ಪಕ್ಕದ ಕಾರ್ಖಾನೆಯ ತಗಡಿನ ಮಾಡು, ನೀರಿನ ಟ್ಯಾಂಕು ಎಲ್ಲವೂ ಅಳತೆಯೊಳಗೆ ನುಸುಳುತ್ತವೆ.

ಖಾಸಗಿ ಪ್ರಯೋಗಾಲಯವೊಂದು ಅರ್ಧ ದಿನಕ್ಕೆ ಕೇಳಿದ ಹಣ ನಮ್ಮ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು. ಚೇಂಬರ್ ಇರುವ ಕಾಲೇಜೊಂದಕ್ಕೆ ಪತ್ರ ಬರೆದೆ. ಹೊರಗಿನವರಿಗೆ ಅವಕಾಶವಿಲ್ಲ ಎಂಬ ಒಂದು ಸಾಲಿನ ಉತ್ತರ ಏಳು ವಾರದ ಬಳಿಕ ಬಂತು. ಶುಲ್ಕ ಎಷ್ಟಾದರೂ ಕೊಡುತ್ತೇನೆ ಎಂದು ನಾನು ಬರೆದಿದ್ದೆ. ಅದರ ಬಗ್ಗೆ ಮಾತೇ ಇರಲಿಲ್ಲ.

ನಮಗೆ ಉಪಗ್ರಹ ಇಡುವಷ್ಟು ದೊಡ್ಡ ಕೋಣೆ ಬೇಡ. ಒಂದು ಗೇಣಿಗಿಂತ ಚಿಕ್ಕದಾದ, ಕಾಫಿ ತೋಟದ ಆ ಫಲಕವನ್ನು ಅಳೆಯಲು ಎರಡು ಮೀಟರ್ ಅಂತರ ಸಾಕು. ಸಾರ್ವಜನಿಕ ಹಣದಲ್ಲಿ ಕಟ್ಟಿದ ಚೇಂಬರ್‌ಗಳನ್ನು ಶನಿವಾರವೋ ಸಂಜೆ ಹೊತ್ತೋ ನಮ್ಮಂಥವರಿಗೆ ನಿಗದಿತ ಶುಲ್ಕಕ್ಕೆ ಕೊಡುವಂತೆ ರಾಜ್ಯದ ಉನ್ನತ ಶಿಕ್ಷಣ ಇಲಾಖೆ ಸೂಚಿಸಲಿ. ಶುಲ್ಕವನ್ನೂ ಖಾಲಿ ಇರುವ ದಿನಗಳನ್ನೂ ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ. ಅಳತೆಯ ಕೆಲಸವನ್ನು ವಿದ್ಯಾರ್ಥಿಗಳೇ ಮಾಡಲಿ. ನನ್ನ ಬಳಿ ಕೆಲಸ ಕೇಳಿಕೊಂಡು ಬರುವ ಎಂಜಿನಿಯರ್‌ಗಳಲ್ಲಿ ಹೆಚ್ಚಿನವರು ಕಂಪ್ಯೂಟರಿನಲ್ಲಿ ಆಂಟೆನಾ ಬಿಡಿಸಿದ್ದಾರೆ, ಒಂದನ್ನೂ ಕೈಯಲ್ಲಿ ಹಿಡಿದು ತಿರುಗಿಸಿ ಅಳೆದಿಲ್ಲ. ಅದು ಅವರ ತಪ್ಪಲ್ಲ.

2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಿಂದ ನಾವಿಕ್‌ಗೆ ಎಲ್1 ಎಂಬ ಇನ್ನೊಂದು ಆವರ್ತನದ ಸಂಕೇತವೂ ಸೇರಿದೆ. ಈಗ ಎರಡೂ ಆವರ್ತನ ಹಿಡಿಯುವ, ಒಂದರ ಮೇಲೊಂದು ಕೂರಿಸಿದ ಪ್ಯಾಚ್‌ಗಳನ್ನು ಗಿರಾಕಿಗಳು ಕೇಳುತ್ತಿದ್ದಾರೆ. ಈ ಉಪಗ್ರಹಗಳ ತರಂಗ ಬಲಕ್ಕೆ ಸುತ್ತುತ್ತಾ ಬರುತ್ತದೆ; ನಮ್ಮ ಪ್ಯಾಚ್ ಅದಕ್ಕೆ ಸರಿಯಾಗಿ ಹೊಂದುತ್ತಿದೆಯೇ ಎಂಬುದೂ ಅನಲೈಸರಿನ ರೇಖೆಯಲ್ಲಿ ಕಾಣುವುದಿಲ್ಲ. ಅಂಥ ಎರಡು ಮಾದರಿಗಳು ತಿಂಗಳಿನಿಂದ ನನ್ನ ಮೇಜಿನ ಮೇಲಿವೆ. ಅಳೆಯದೆ ಅವನ್ನು ಯಾರಿಗೂ ಕಳುಹಿಸಲಾರೆ.

— ಆಂಟೆನಾ ತಯಾರಕಿ, ಪೀಣ್ಯ, ಬೆಂಗಳೂರು